ಕುಂಡ್ರಸಬ್ಯಾಡ್ರಿ, ಅಂಗಾತ ಮಲಗಸ್ರಿ

ಮುರಗೋಡಕ್ಕೆ ಬಂದು ನಮ್ಮ ಮನೆ ಯಾವುದೆಂದು ಕೇಳಿ ನೋಡಿ. ನನ್ನ ಗಂಡ ಕಲ್ಮೇಶನ ಹೆಸರು ಯಾರಿಗೂ ಬೇಕಾಗಿಲ್ಲ. "ಅರ್ಧಪ್ಪನ ಮನಿ ಏನ್ರಿ? ಹಿಂಗ ಸೀದಾ ಹೋಗ್ರಿ" ಎನ್ನುತ್ತಾರೆ. ಅರ್ಧಪ್ಪ ನಮ್ಮ ಮಾವನೂ ಅಲ್ಲ, ಅಜ್ಜನೂ ಅಲ್ಲ. ಸೊಂಟದಿಂದ ಕೆಳಗೆ ಏನೂ ಇಲ್ಲದ ಒಂದು ರಬ್ಬರಿನ ಬೊಂಬೆ. ಅದನ್ನು ಮನೆಗೆ ಹೊತ್ತು ತಂದು ನಮ್ಮ ಮರ್ಯಾದೆ ತೆಗೆದವಳು ನನ್ನ ನೆಗೆಣ್ಣಿ ರಾಚವ್ವ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತೇನೆ. ಒಂದೇ ಒಲೆಯ ಮುಂದೆ ಅವಳ ಜೊತೆ ಇಷ್ಟು ವರ್ಷ ರೊಟ್ಟಿ ಬಡಿದ ಗಂಗಾ ನಾನು, ಅವಳ ಕತೆ ಹೇಳಲು ನನಗಿಂತ ಹಕ್ಕುಳ್ಳವರು ಇನ್ನಾರಿದ್ದಾರೆ?

ನಮ್ಮ ಮಂದಿಯಲ್ಲಿ ಸತ್ತವರನ್ನು ಕೂಡಿಸಿ ಮಣ್ಣು ಕೊಡುತ್ತೇವೆ. ಜೀವ ಹೋದ ಕೂಡಲೇ ಗೋಡೆಗೆ ಆನಿಸಿ ಕೂಡಿಸಬೇಕು. ಮೈ ಸೆಟೆದ ಮೇಲೆ ಕೂಡಿಸಲು ಬರುವುದಿಲ್ಲ. ಅದಕ್ಕೇ ಹಿರಿಯರ ಕೈ ಆ ಕೆಲಸಕ್ಕೆ ಬಲು ಚುರುಕು. ಸತ್ತವರಿಗೆ ಅದು ಸರಿಯೇ. ಆದರೆ ರೂಢಿ ಬಿದ್ದ ಕೈ ಸತ್ತವರು ಯಾರು, ಬರೀ ಬಿದ್ದವರು ಯಾರು ಎಂದು ನೋಡುತ್ತದೆಯೇ? ಯಾರು ದಪ್ಪೆಂದು ಬಿದ್ದರೂ ಬಾಯಿಗೆ ಬರುವ ಮೊದಲ ಮಾತು ಒಂದೇ: "ಕುಂಡ್ರಸ್ರಿ!" ಕೂಡಿಸಿದರೆ ಉಸಿರು ಸಲೀಸಾಗುತ್ತದೆ ಎಂಬ ನಂಬಿಕೆ ಬೇರೆ.

1996ರ ಸುಗ್ಗಿಯಲ್ಲಿ ರಾಚವ್ವಕ್ಕನ ಗಂಡ ನಿಜಗುಣಪ್ಪ ಕಣದಿಂದ ಬಂದು, ಹೆಗಲ ಮೇಲಿನ ಚೀಲ ಇಳಿಸಿ, ನೀರು ಕೇಳಿದವನು ಪಡಸಾಲೆಯಲ್ಲೇ ಬಿದ್ದ. ನಮ್ಮ ಅತ್ತೆ ಕರೆವ್ವ "ನನ್ನ ಮಗನ್ನ ಕುಂಡ್ರಸ್ರೋ!" ಎಂದು ಚೀರಿದಳು. ಕೂಡಿಸಿದರು. ಅತ್ತೆ ಮಗನನ್ನು ತನ್ನ ಎದೆಗೆ ಒರಗಿಸಿಕೊಂಡಳು, ರಾಚವ್ವಕ್ಕ ಕುತ್ತಿಗೆ ಹಿಡಿದಳು, ಯಾರೋ ಬಾಯಿಗೆ ನೀರು ಬಿಟ್ಟರು. ನೀರು ಕಟಬಾಯಿಯಿಂದ ಹರಿದುಹೋಯಿತು. ವಿಭೂತಿ ಹಚ್ಚುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹತ್ತು ವರ್ಷದ ಮೇಲೆ ಬೆಳಗಾವಿಯ ಒಂದು ದೊಡ್ಡ ದವಾಖಾನೆಯಿಂದ ಡಾಕ್ಟರ್ ಸ್ನೇಹಲ್ ಎಂಬ ಹೆಣ್ಣುಮಗಳು ಬಂದರು. ರಾಮದುರ್ಗದ ಬಸ್ ಡ್ರೈವರ್ ಭರಮಪ್ಪನವರ ಮಗಳು. ಎದೆಬಡಿತ ನಿಂತು ಬಿದ್ದವರನ್ನು ದವಾಖಾನೆ ಮುಟ್ಟುವ ಮೊದಲು ಊರಿನವರೇ ಉಳಿಸಿಕೊಳ್ಳಬಹುದೇ, ಹಾಗೆ ಉಳಿದವರ ಮಿದುಳು ಆಮೇಲೆ ಹೇಗೆ ಚೇತರಿಸಿಕೊಳ್ಳುತ್ತದೆ ಎಂಬುದು ಅವರ ಸಂಶೋಧನೆ. ಸವದತ್ತಿ, ಬೈಲಹೊಂಗಲ ಕಡೆಯ ಕೆಲವು ಊರುಗಳಿಗೆ ಮೊದಲು ಕಲಿಸುವುದು, ಉಳಿದ ಊರುಗಳಿಗೆ ಆಮೇಲೆ ಕಲಿಸುವುದು, ಎಲ್ಲಿ ಹೆಚ್ಚು ಜನ ಉಳಿದರು ಎಂದು ಹೋಲಿಸಿ ನೋಡುವುದು. ಕಲಿಸಲು ಊರಿಗೊಬ್ಬ ಓದು ಬಲ್ಲ ಹೆಂಗಸು ಬೇಕಾಗಿತ್ತು. ರಾಚವ್ವಕ್ಕ ಎಸ್ಸೆಸ್ಸೆಲ್ಸಿ ಪಾಸಾದವಳು. ಹೋದಳು.

ಮೊದಲ ದಿನದ ಪಾಠ ಮುಗಿಸಿ ಬಂದವಳು ತಾಟಿನ ಮುಂದೆ ಕುಳಿತು ಎದ್ದುಬಿಟ್ಟಳು. ಅತ್ತೆ ಜೋಳ ಹಸನು ಮಾಡುತ್ತಿದ್ದಳು. ಅವಳ ಮುಂದೆ ಹೋಗಿ ನಿಂತಳು.

"ಅತ್ತಿ, ಎದಿ ನಿಂತಾರ್ನ ಕುಂಡ್ರಸಬಾರ್ದಂತ. ಕುಂಡ್ರಸಿದ್ರ ರಕ್ತ ತಲಿಗೆ ಏರೂದಿಲ್ಲಂತ. ಅಂಗಾತ ಮಲಗಿಸಿ, ಎದಿ ನಡುವ ಗಟ್ಟ್ಯಾಗಿ ಒತ್ತಾಕ ಹತ್ತಬೇಕಂತ."

ಅತ್ತೆ ಮೊರ ಕೆಳಗಿಟ್ಟಳು. "ಅಂದ್ರ? ನನ್ನ ಮಗನ್ನ ನಾನ ಕೊಂದ್ನಿ ಅಂತೀ ಏನು?"

"ನಾನೂ ಹಿಡದಿದ್ನಿ ಅಲ್ರಿ ಅತ್ತಿ."

"ಆ ಮಾತು ಈ ಮನ್ಯಾಗ ಇನ್ನೊಮ್ಮೆ ಬರಬಾರ್ದು ನೋಡ."

ಅವತ್ತಿಗೆ ಅತ್ತೆ ಸೊಸೆಯ ಕೂಡ ಮಾತು ಬಿಟ್ಟಳು. ಉಪ್ಪಿನ ಡಬ್ಬಿ ಬೇಕಾದರೂ "ಗಂಗಾ, ಆಕಿಗೆ ಹೇಳು" ಎನ್ನುವುದು. ನಾನೇನು ಈ ಮನೆಯ ಟಪಾಲಿನವಳೇ? ಇಬ್ಬರಿಗೂ ಬೈದೆ, ಯಾರಿಗೂ ನಾಟಲಿಲ್ಲ.

ರಾಚವ್ವಕ್ಕನಿಗೆ ಬೇಕಾದದ್ದು ಒಂದೇ ಆಗಿತ್ತು. ಈ ಊರಿನಲ್ಲಿ ಬಿದ್ದವರನ್ನು ಒಬ್ಬರಾದರೂ ಕೂಡಿಸದೆ ಮಲಗಿಸಬೇಕು, ಒಂದಾದರೂ ಜೀವ ಉಳಿಯಬೇಕು. "ನನ್ನ ಹಂಗ ಇನ್ನೊಬ್ಬಾಕಿ ಗಂಡನ ಕುತಗಿ ಹಿಡ್ಕೊಂಡು ಕುಂಡ್ರಬಾರ್ದವಾ" ಎಂದು ಒಂದು ದಿನ ನನ್ನ ಮುಂದೆ ಅತ್ತಳು. ಆಮೇಲೆ ಆ ಮಾತಿಗೆ ನಾನು ಎಂದೂ ಅಡ್ಡ ಬರಲಿಲ್ಲ.

ಎದೆ ಒತ್ತುವುದನ್ನು ಕಲಿಸಲು ಡಾಕ್ಟರು ಕೊಟ್ಟ ಬೊಂಬೆ ಮನೆಗೆ ಬಂದದ್ದು ಆಗಲೇ. ಪಡಸಾಲೆಯಲ್ಲಿ ಓಣಿಯ ಹೆಂಗಸರನ್ನೆಲ್ಲ ಸೇರಿಸಿದಳು. ಯಾರೂ ಮುಟ್ಟಲೊಲ್ಲರು. "ಪರಗಂಡಸಿನ ಎದಿ ಹೆಂಗ ಮುಟ್ಟೂದವಾ?" ಎಂದು ಪಕ್ಕದ ಮನೆಯ ಕೃಷ್ಣವ್ವ ಸೆರಗು ಬಾಯಿಗಿಟ್ಟಳು. "ಸೊಂಟದ ಕೆಳಗ ಇಲ್ಲದಾಂವ ನಿನಗೇನು ಮಾಡ್ಯಾನ? ಒತ್ತ!" ಎಂದು ರಾಚವ್ವಕ್ಕ ಗದರಿಸಿದಳು. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಅರ್ಧಪ್ಪ ಎಂಬ ಹೆಸರು ಬಿದ್ದದ್ದು ಅವತ್ತೇ.

ಡಾಕ್ಟರು ಹೇಳಿಕೊಟ್ಟ ವೇಗ ನಮ್ಮ ತಲೆಗೆ ಹತ್ತಲಿಲ್ಲ. ಆಗ ರಾಚವ್ವಕ್ಕ ತನ್ನದೇ ದಾರಿ ತೆಗೆದಳು. "ಖಾರ ಕುಟ್ಟೂದು ಗೊತ್ತೈತಿಲ್ಲೋ? ಒಂದು ಒಳ್ಳಿನ್ಯಾಗ ಇಬ್ರು ಜೋಡ ಒನಕಿ ಹಾಕಿದ್ರ ಹೆಂಗ ಬೀಳ್ತಾವು? ಹಂಗ. ಒನಕಿ ಪೂರಾ ಏಳಬೇಕು, ಪೂರಾ ಬೀಳಬೇಕು. ಮೊಳಕೈ ಬಗ್ಗಬಾರ್ದು." ಅಷ್ಟು ಹೇಳಿದ್ದೇ ತಡ, ಎಲ್ಲರ ಕೈಯೂ ತಾಳ ಹಿಡಿಯಿತು. ಡಾಕ್ಟರ್ ಸ್ನೇಹಲ್ ಗಡಿಯಾರ ಹಿಡಿದು ನೋಡಿ, "ಭೇಷ್! ಇನ್ನ ಎಲ್ಲಾ ಊರಾಗ ನಾ ಹಿಂಗ ಹೇಳ್ತೇನಿ" ಎಂದರು. ಅತ್ತೆ ಮಾತ್ರ ಒಳಕೋಣೆಯ ಬಾಗಿಲು ಅರೆ ತೆರೆದು, ಜಪದ ಸರ ಹಿಡಿದು, ಬೆನ್ನು ತಿರುಗಿಸಿ ಕೂಡುತ್ತಿದ್ದಳು.

ಆದರೆ ಬೊಂಬೆಯ ಮುಂದೆ ಬಂದ ಬುದ್ಧಿ ಮನುಷ್ಯರ ಮುಂದೆ ಬರಲಿಲ್ಲ. ಮಡಿವಾಳೆಪ್ಪ ಕಿರಾಣಿ ಅಂಗಡಿಯಲ್ಲಿ ಬಿದ್ದಾಗ ಅವನ ಹೆಂಡತಿ, ನಮ್ಮಲ್ಲೇ ಕಲಿತವಳು, ತಾನೇ ಮುಂದಾಗಿ ಅವನನ್ನು ಗೋಡೆಗೆ ಒರಗಿಸಿದಳು. ಅವನು ಉಳಿಯಲಿಲ್ಲ. ನಮ್ಮ ಹಾಗೇ ಕಲಿತಿದ್ದ ಹೂಲಿ ಎಂಬ ಊರಿನಲ್ಲೂ ಹಾಗೇ ಆಯಿತು. ಡಾಕ್ಟರ್ ಬೇಸತ್ತು ಬಂದು ಕುಳಿತರು.

"ರಾಚವ್ವಾರ, ಈ ವರ್ಷಾನೂ ಹಿಂಗ ಆದ್ರ, ಹಳ್ಳಿ ಮಂದಿಗೆ ಇದು ಆಗೂದಲ್ಲ ಅಂತ ನಾ ಬರೀಬೇಕಾಗ್ತದ. ಮುಂದ ಯಾರೂ ಹಳ್ಳಿಗೆ ಕಲಸಾಕ ಬರೂದಿಲ್ಲ."

"ಇಷ್ಟ ಲಗೂ ಬರೀಬ್ಯಾಡ್ರಿ ಬಾಯಾರ" ಎಂದಳು ರಾಚವ್ವಕ್ಕ. ಅವಳ ದನಿ ಸೋತಿತ್ತು.

2009ರ ಬೇಸಿಗೆ. ನಮ್ಮ ಅಂಗಳದಲ್ಲಿ ಓಣಿಯ ಹೆಂಗಸರೆಲ್ಲ ಶ್ಯಾವಿಗೆ ಹೊಸೆಯಲು ಕುಳಿತಿದ್ದರು. ರಾಚವ್ವಕ್ಕನಿಗೆ ಬೆಳಗಿನಿಂದ ಎದೆಯಲ್ಲಿ ಉರಿ. ಊರಿಗೆಲ್ಲ ಎದೆಯ ಪಾಠ ಹೇಳುವವಳು ತನ್ನದಕ್ಕೆ ಏನೆಂದಳು ಗೊತ್ತೇ? "ನಿನ್ನಿ ಮಿರ್ಚಿಭಜಿ ಜಾಸ್ತಿ ಆತವಾ, ಪಿತ್ತ." ಸೋಡಾ ತರಿಸಿ ಕುಡಿದಳು. ಪುರಾಣ ಹೇಳೂದಕ್ಕ, ಬದನಿಕಾಯಿ ತಿನ್ನೂದಕ್ಕ! ಸ್ವಲ್ಪ ಹೊತ್ತಿನಲ್ಲಿ ಹಿಟ್ಟಿನ ಪರಾತದ ಮೇಲೆ ಮುಖ ಅಡಿಯಾಗಿ ಬಿದ್ದಳು.

"ಅಯ್ಯ ಶಿವನ! ಕುಂಡ್ರಸ್ರೆವಾ, ಲಗೂನ ಕುಂಡ್ರಸ್ರಿ!" ಎಂದವಳು ಕೃಷ್ಣವ್ವ. ಅರ್ಧಪ್ಪನನ್ನು ಎಲ್ಲರಿಗಿಂತ ಚೆನ್ನಾಗಿ ಒತ್ತುತ್ತಿದ್ದ ಕೃಷ್ಣವ್ವ! ನಾವೆಲ್ಲ ಕೈ ಹಾಕಿ ಅರ್ಧ ಎಬ್ಬಿಸಿಯೂ ಬಿಟ್ಟೆವು. ಉಸಿರಿಲ್ಲ, ಕಣ್ಣು ಮೇಲಕ್ಕೆ ಸಿಕ್ಕಿವೆ, ತಲೆ ನನ್ನ ತೋಳಿನ ಮೇಲೆ ಜೋತಾಡುತ್ತಿದೆ.

"ಬಿಡ್ರಿ ಆಕಿನ್ನ! ಕುಂಡ್ರಸಬ್ಯಾಡ್ರಿ, ಅಂಗಾತ ಮಲಗಸ್ರಿ!"

ಪಡಸಾಲೆಯಿಂದ ಅತ್ತೆ ಬರುತ್ತಿದ್ದಳು. ನನ್ನನ್ನು ಎಳೆದು ಆಚೆ ತಳ್ಳಿದಳು. ಮೊಳಕಾಲು ಮಡಚಿ ಕೂಡಲಾಗದ ಮುದುಕಿ, ನೆಲಕ್ಕೆ ಮೊಳಕಾಲು ಊರಿ, ಅಂಗೈ ಮೇಲೆ ಅಂಗೈ ಇಟ್ಟು, ಮೊಳಕೈ ಬಗ್ಗಿಸದೆ ಒತ್ತಲು ಹತ್ತಿದಳು. ಬೆನ್ನು ತಿರುಗಿಸಿ ಕೂತವಳು ಅದೆಲ್ಲಾ ಯಾವಾಗ ಕಲಿತಳೋ ಶಿವನೇ ಬಲ್ಲ! "ಇನ್ನೊಂದು ಹೆಣಾ ನನ್ನ ಗ್ವಾಡಿಗೆ ಕುಂಡ್ರೂದಿಲ್ಲ!" ಎಂದು ಕೂಗುತ್ತಾ ಒತ್ತಿದಳು. "ನಿಂತು ಏನ್ ನೋಡ್ತೀರಿ? ಕಲ್ಮೇಶಾ, ಗಾಡಿ ಕರಿ!"

ನಮ್ಮ ದೈವ ದೊಡ್ಡದು. ಆಗ ಹೊಸದಾಗಿ ಬಂದಿದ್ದ 108 ಗಾಡಿ ಅವತ್ತು ಒಬ್ಬ ಬಸುರಿಯನ್ನು ಇಳಿಸಲು ನಮ್ಮೂರ ದವಾಖಾನೆಗೇ ಬಂದಿತ್ತು. ಕಲ್ಮೇಶ ಬರಿಗಾಲಲ್ಲಿ ಓಡಿದ. ಅತ್ತೆಗೆ ದಣಿವಾದಾಗ ನಾನು ಕುಳಿತೆ, ನನ್ನ ನಂತರ ಕೃಷ್ಣವ್ವ. ಸುತ್ತ ನಿಂತವರು ಖಾರ ಕುಟ್ಟುವ ತಾಳ ಹಾಕುತ್ತಿದ್ದರು. ಮತ್ತೆ ನನ್ನ ಸರದಿ ಬಂದಾಗ ಕೈಯ ಕೆಳಗೆ ಏನೋ ಲಟ್ ಎಂದಿತು.

"ಎಲಬು ಮುರೀತು ಅತ್ತಿ!"

"ಮುರೀಲಿ! ಎಲಬು ಕೂಡ್ತಾವು, ಹೋದ ಜೀವ ಕೂಡೂದಿಲ್ಲ. ಒತ್ತ!"

ಒತ್ತಿದೆ. ಗಾಡಿ ಬಂತು. ಅದರಲ್ಲಿದ್ದವರು ಎದೆಗೆ ಕರೆಂಟಿನ ಮಷೀನು ಹಚ್ಚಿ ನಮ್ಮನ್ನು ದೂರ ಸರಿಸಿದರು. ಮೊದಲ ಸಲ ಏನೂ ಆಗಲಿಲ್ಲ, ಮತ್ತೆ ಒತ್ತಿಸಿದರು. ಎರಡನೆಯ ಸಲ ಕೊಟ್ಟಾಗ ಅವರಲ್ಲೊಬ್ಬ ಕುತ್ತಿಗೆಯ ಮೇಲೆ ಬೆರಳಿಟ್ಟು, "ಬಡಿತ ಬಂತ್ರೀ!" ಎಂದ. ಅಂಗಳವೆಲ್ಲ ಹೋ ಎಂದು ಕೂಗಿತು. ನಾನು ಹಿಟ್ಟು ಮೆತ್ತಿದ ಕೈಯಿಂದಲೇ ಕೃಷ್ಣವ್ವನನ್ನು ತಬ್ಬಿಕೊಂಡು ಅತ್ತುಬಿಟ್ಟೆ.

ಬೆಳಗಾವಿಯಲ್ಲಿ ಡಾಕ್ಟರ್ ಸ್ನೇಹಲ್ ಅವಳ ಮೈ ಸುತ್ತ ಐಸಿನ ಚೀಲ ಇಟ್ಟರು. ಅತ್ತೆ ಹೌಹಾರಿದಳು. "ಐಸ್‌ದಾಗ ಇಡೂದು ಹೆಣಾ ಅಲ್ರೀ?"

"ಇಲ್ರೀ ಅವ್ವಾರ. ಮೈ ತಣ್ಣಗ ಇದ್ರ ಮಿದುಳಿಗೆ ಸುಧಾರಿಸ್ಕೊಳ್ಳಾಕ ವ್ಯಾಳ್ಯಾ ಸಿಗ್ತದ. ಎದಿ ಬಡ್ಯಾಕ ಹತ್ತೇತಿ, ಇನ್ನ ತಲಿ ಉಳೀಬೇಕು" ಎಂದರು ಡಾಕ್ಟರ್. ಆ ದಿನಗಳು ನನ್ನ ವೈರಿಗೂ ಬೇಡ.

ಕಡೆಗೆ ಕಣ್ಣು ತೆರೆದಳು. ಅತ್ತೆಯ ಮುಖ ನೋಡಿ, "ಶ್ಯಾವಿಗಿ ಒಣಗಿದ್ವೇನ್ರಿ?" ಎಂದಳು. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದಳು. ದಿನವಿಡೀ ಅದೇ ಪ್ರಶ್ನೆ. ನಾನು ಡಾಕ್ಟರ ಹತ್ತಿರ ಓಡಿದೆ, ಅವರು ಇದು ಬರುಬರುತ್ತ ಹೋಗುತ್ತದೆ ಎಂದರು. ಮೂರು ವರ್ಷ ಅವಳ ಕೂಡ ತುಟಿ ಬಿಚ್ಚದಿದ್ದ ಅತ್ತೆ ಪ್ರತಿ ಸಲವೂ ಅವಳ ತಲೆ ಸವರಿ, "ಒಣಗ್ಯಾವ ನನ್ನವ್ವ, ಒಣಗ್ಯಾವ" ಎನ್ನುತ್ತಿದ್ದಳು. ಒಮ್ಮೆಯೂ ಬೇಸರಿಸಲಿಲ್ಲ.

ಮನೆಗೆ ಬಂದ ಮೇಲೂ ಅತ್ತೆಯೇ ದಿನಾ ಕೈ ಹಿಡಿದು ಮಠದವರೆಗೆ ನಡೆಸಿಕೊಂಡು ಹೋಗುತ್ತಿದ್ದಳು. ದಾರಿಯಲ್ಲಿ ಸಿಕ್ಕವರ ಹೆಸರು ಕೇಳಿ ನೆನಪು ಮಾಡಿಸುತ್ತಿದ್ದಳು. ದಸರೆಗೆ ರಾಚವ್ವಕ್ಕ ನನ್ನ ಪಲ್ಯದಲ್ಲಿ ಉಪ್ಪು ಹೆಚ್ಚಾಯಿತೆಂದು ಜಗಳಕ್ಕೆ ನಿಂತಳು. ಪೂರ್ತಿ ಗುಣವಾಗಿದ್ದಾಳೆಂದು ನಾನೇ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಫೋನಿನಲ್ಲೇ ನಕ್ಕರು, ಆಮೇಲೆ ಅತ್ತರು. ಹಳ್ಳಿ ಮಂದಿಗೆ ಇದು ಆಗೂದಲ್ಲ ಎಂದು ಅವರು ಬರೆಯಲಿಲ್ಲ.

ಚಳಿಗಾಲದಲ್ಲಿ ಉಗರಗೋಳದವರಿಗೆ ಕಲಿಸುವ ಸರದಿ ಬಂತು. ದೇವಿಯ ಗುಡ್ಡಕ್ಕೆ ಹೋಗುವವರಿಗೆ ಕಾಯಿ, ಭಂಡಾರ ಮಾರುವ ಅಂಗಡಿಯವರೆಲ್ಲ ಸೇರಿದ್ದರು. ರಾಚವ್ವಕ್ಕನಿಗೆ ಹೆಚ್ಚು ಹೊತ್ತು ನಿಲ್ಲಬಾರದೆಂದು ಹೇಳಿದ್ದರಿಂದ ಮುಂದೆ ಕುರ್ಚಿ ಹಾಕಿ ಕೂಡಿಸಿದ್ದೆವು. ಅವಳು ಮಾತು ಶುರು ಮಾಡುವಷ್ಟರಲ್ಲಿ ಬಸಲಿಂಗಪ್ಪ ಎಂಬ ಹಿರಿಯರು ಎದ್ದು ನಿಂತರು.

"ತಂಗಿ, ಕುಂಡ್ರಸೂದು ನಮ್ಮ ಹಿರ್ಯಾರಿಂದ ಬಂದದ್ದು. ನಿನ್ನಿ ಮೊನ್ನಿ ಡಾಕ್ಟರ್ ಮಾತ ಕೇಳಿ ಬಿಡಬೇಕೇನು?"

ರಾಚವ್ವಕ್ಕ ಬಾಯಿ ತೆರೆಯುವ ಮೊದಲೇ ನನ್ನ ಪಕ್ಕದಲ್ಲಿದ್ದ ಅತ್ತೆ ಗೋಡೆ ಹಿಡಿದು ಎದ್ದಳು. ಆಕೆ ನಾಲ್ಕು ಜನರ ಮುಂದೆ ಮಾತಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆಕೆಯ ಮಾತು ಕಡೆಯ ಸಾಲಿನವರಿಗೂ ಕೇಳಿಸಿತು.

"ಸತ್ತಮ್ಯಾಲೆ ಕುಂಡ್ರಸ್ರಿ, ಯಪ್ಪಾ, ಅದು ನಮ್ಮ ಧರ್ಮ. ಸಾಯೂಕಿಂತ ಮೊದಲ ಕುಂಡ್ರಸಬ್ಯಾಡ್ರಿ. ನನ್ನ ಮಗನ್ನ ನಾನ ಕುಂಡ್ರಸಿದ್ನಿ, ಹೋದ. ಸೊಸಿನ್ನ ಮಲಗಿಸಿದ್ನಿ. ಕಣ್ಣ ತಗದು ನೋಡ್ರಿ, ಇಲ್ಲೇ ಕುಂತಾಳ."