ಬಾಗಿಲು ಕೂರಿಸುವವ

ಕ್ಲಿಫ್ ಹಾರ್ಟಪ್ ಒಂದು ಕಡೆ ಇರುವ ಗಿರಾಕಿಯಲ್ಲ. ಚಹಾ ನಿಂತೇ ಕುಡಿಯುತ್ತಿದ್ದ, ಪತ್ರಿಕೆಯನ್ನು ಅಡುಗೆಮನೆಯಲ್ಲಿ ಅತ್ತಿಂದಿತ್ತ ತಿರುಗುತ್ತಲೇ ಓದುತ್ತಿದ್ದ, ಟಿವಿಯಲ್ಲಿ ಫುಟ್‌ಬಾಲ್ ಬಂದರೆ ಕುರ್ಚಿಯ ಬೆನ್ನು ಹಿಡಿದು ನಿಂತು ನೋಡುತ್ತಿದ್ದ. ಮೂವತ್ತೈದು ವರ್ಷದ ಸಂಸಾರದಲ್ಲಿ ನಮ್ಮ ಸೋಫಾ ಇವನ ಕುಂಡಿ ಕಂಡದ್ದು ಸೊಂಟ ಹಿಡಿದುಕೊಂಡ ಒಂದು ವಾರ ಮಾತ್ರ ಎಂದು ಅವನ ಹೆಂಡತಿ ಮೇವಿಸ್ ಅಕ್ಕಪಕ್ಕದವರಿಗೆ ಹೇಳುತ್ತಿದ್ದಳು.

ಇಪ್ಪತ್ತೆರಡು ವರ್ಷ ಅವನು ಕೊವೆಂಟ್ರಿಯ ಕಾರು ಕಾರ್ಖಾನೆಯಲ್ಲಿ ದುಡಿದವನು. ಕಾರುಗಳನ್ನು ಹೊತ್ತು ಓಡುವ ಲೈನಿನ ಜೊತೆ ನಡೆಯುತ್ತಲೇ ಕೆಲಸ. ಒಂದು ಕಾರು ಬಂತು, ಅದರ ಜೊತೆ ಹನ್ನೆರಡು ಹೆಜ್ಜೆ ಹಾಕಿ ಸ್ಟೀರಿಂಗ್ ಕಂಬ ಸಿಕ್ಕಿಸಿ ನಾಲ್ಕು ಬೋಲ್ಟು ಬಿಗಿದ, ಹನ್ನೆರಡು ಹೆಜ್ಜೆ ವಾಪಸ್ ಬಂದ, ಇನ್ನೊಂದು ಕಾರು. ಎಂಬತ್ತೊಂದರಲ್ಲಿ ಕಾರ್ಖಾನೆ ನಿಂತಿತು, ಅವನ ಕಾಲು ನಿಲ್ಲಲಿಲ್ಲ. ಶಾಲೆಯ ಜವಾನಿಕೆ, ಹಾಲಿನ ಗಾಡಿ, ಗೋದಾಮಿನ ಕಾವಲು, ಯಾವುದರಲ್ಲೂ ಎರಡು ವರ್ಷ ತಳ ಊರಲಿಲ್ಲ. ಕೊನೆಗೆ ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಯಾರದೋ ಹೊಲದ ಮೂಲೆಯಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಎಳೆದು ತಂದು ಮನೆಯ ಹಿಂದಿನ ಬಾಡಿಗೆ ಗ್ಯಾರೇಜಿನಲ್ಲಿ ನಿಲ್ಲಿಸಿದ. ಎರಡೇ ಸೀಟು, ಉದ್ದ ಮೂತಿ, ಮೇಲೆ ಚಾವಣಿಯಿಲ್ಲ. ತನ್ನ ಲೈನಿನಿಂದಲೇ ಇಳಿದ ಕಾರು. ಇದನ್ನು ಕಟ್ಟಿದವನು ನಾನೇ ಎಂದು ಬೀದಿಗೆಲ್ಲ ಸಾರಿದ.

ಅವನೇನೂ ಕಟ್ಟಿರಲಿಲ್ಲ. ಬಿಗಿದದ್ದು ನಾಲ್ಕು ಬೋಲ್ಟು. ಹೀಗೆ ಹೇಳಿಕೊಳ್ಳುವವರು ನಮ್ಮ ಊರಲ್ಲಿ ಸಾವಿರಾರು ಜನ. ಒಬ್ಬ ದೀಪಕ್ಕೆ ವೈರು ಸಿಕ್ಕಿಸಿದವನು, ಒಬ್ಬಳು ಸೀಟಿಗೆ ಹೊಲಿಗೆ ಹಾಕಿದವಳು, ಒಬ್ಬ ಗಾಜು ಒತ್ತಿ ಕೂರಿಸಿದವನು. ತಲಾ ಎರಡು ನಿಮಿಷದ ಕೆಲಸ. ಪಬ್ಬಿಗೆ ಬಂದರೆ ಮಾತ್ರ ಒಬ್ಬೊಬ್ಬರೂ ಇಡೀ ಕಾರನ್ನೇ ಹೆತ್ತವರು.

ಮೂರು ಚಳಿಗಾಲ ಅವನು ಪುಸ್ತಕ ಇಟ್ಟುಕೊಂಡು ಎಂಜಿನ್ ಬಿಚ್ಚಿ ಜೋಡಿಸಿದ, ಬ್ರೇಕು ಮಾಡಿದ, ಪೆಟ್ರೋಲಿಗೆ ಗಾಳಿ ಬೆರೆಸುವ ಎರಡು ಕಾರ್ಬುರೇಟರುಗಳ ಉಸಿರು ಒಂದೇ ಆಗುವವರೆಗೆ ರಬ್ಬರ್ ನಳಿಗೆ ಕಿವಿ ಕೊಟ್ಟು ಸರಿಮಾಡಿದ. ಒಂದು ಗಂಟೆ ಎಂಜಿನ್, ಅರ್ಧ ಗಂಟೆ ಬ್ರೇಕು, ಬೇಸರ ಬಂದರೆ ಚಕ್ರದ ಕಡ್ಡಿ ಉಜ್ಜುವುದು. ಆ ಸ್ವಭಾವಕ್ಕೆ ಅದು ಒಗ್ಗಿತ್ತು. ತೊಂಬತ್ತೆಂಟರ ಮೇ ತಿಂಗಳಲ್ಲಿ ನಗರಸಭೆಯಿಂದ ಕಾಗದ ಬಂತು: ಜೂನ್ ಮೂವತ್ತಕ್ಕೆ ಗ್ಯಾರೇಜಿನ ಸಾಲು ಪೂರ್ತಿ ಕೆಡವುತ್ತಾರೆ, ಅಷ್ಟರಲ್ಲಿ ಖಾಲಿ ಮಾಡಬೇಕು. ಬೀದಿಯಲ್ಲಿ ನಿಲ್ಲಿಸಬೇಕಾದರೆ ಅದು ಓಡುವ ಕಾರಾಗಿರಬೇಕು. ಓಡದಿದ್ದರೆ ಗುಜರಿ. ನಡುವೆ ಉಳಿದದ್ದು ಏಳು ವಾರ.

ಉಳಿದ ಕೆಲಸ ಒಂದೇ. ಬಾಗಿಲುಗಳ ಕೆಳಗೆ ಮುಂಚಕ್ರದಿಂದ ಹಿಂಚಕ್ರದವರೆಗೆ ಓಡುವ ಉಕ್ಕಿನ ಪೆಟ್ಟಿಗೆಯಂಥ ಪಟ್ಟಿ ಇರುತ್ತದೆ, ಸಿಲ್ ಅನ್ನುತ್ತಾರೆ. ಚಾವಣಿಯಿಲ್ಲದ ಕಾರಿಗೆ ಅದೇ ಬೆನ್ನುಮೂಳೆ. ಎರಡೂ ಕಡೆಯದು ತುಕ್ಕು ತಿಂದು ಬಿಸ್ಕತ್ತಾಗಿತ್ತು. ಒಂದು ಕಡೆ ಮುಗಿಸಿ ಇನ್ನೊಂದು ಕಡೆ ಮುಟ್ಟಿ, ಮೊದಲು ಬಾಗಿಲ ಜಾಗಕ್ಕೆ ಕಬ್ಬಿಣದ ಅಡ್ಡಪಟ್ಟಿ ಕೊಡಿ ಎಂದು ಪುಸ್ತಕದಲ್ಲಿ ದಪ್ಪಕ್ಷರದಲ್ಲೇ ಬರೆದಿತ್ತು. ದಪ್ಪಕ್ಷರ ಓದುವ ಪುರುಸೊತ್ತು ಇವನಿಗೆಲ್ಲಿ? ಕಾರಿನ ಮೂತಿಗೆ ಎರಡು, ಬಾಲಕ್ಕೆ ಎರಡು ಸ್ಟ್ಯಾಂಡು ಕೊಟ್ಟು, ಒಂದು ಶನಿವಾರ ಎರಡೂ ಸಿಲ್‌ಗಳನ್ನು ಕಬ್ಬಿಣ ಕೊಯ್ಯುವ ಗ್ರೈಂಡರಿನಲ್ಲಿ ಕತ್ತರಿಸಿ ಬಿಸಾಡಿದ. ಭಾನುವಾರ ಸಂಜೆಯೊಳಗೆ ಹೊಸವನ್ನು ಬೆಸೆದೂ ಆಯಿತು. ಸೋಮವಾರ ಬಾಗಿಲು ಸಿಕ್ಕಿಸಿ ತಳ್ಳಿದರೆ ಮುಚ್ಚಲೊಲ್ಲದು. ಅದರ ಹಿಂದಿನ ಮೇಲ್ಮೂಲೆ ಕಾರಿನ ಮೈಗೆ ಹೋಗಿ ಕಚ್ಚಿಕೊಳ್ಳುತ್ತದೆ. ಆ ಕಡೆಯದೂ ಹಾಗೇ. ಮೊಣಕಾಲಲ್ಲಿ ಒದ್ದ, ಸುತ್ತಿಗೆಯಲ್ಲಿ ಬಡಿದ, ಕೀಲು ಬಿಚ್ಚಿ ಮತ್ತೆ ಹಾಕಿದ.

ಮೇವಿಸ್ ಬೇಕನ್ ಸ್ಯಾಂಡ್‌ವಿಚ್ ಹಿಡಿದುಕೊಂಡು ಬಂದವಳು ಗ್ಯಾರೇಜಿನ ಬಾಯಲ್ಲೇ ನಿಂತು ನೋಡಿದಳು.

"ಬಾಗಿಲಿಗೆ ಯಾಕೆ ಹೊಡೀತೀಯ? ಅದು ನೆಟ್ಟಗೇ ಇದೆ. ಕಾರೇ ನಡುವಲ್ಲಿ ಜೋತುಬಿದ್ದಿದೆ, ಹಳೇ ಮಂಚದ ಥರ."

ನೋಡಿದರೆ ಹೌದು. ಬೆನ್ನುಮೂಳೆ ತೆಗೆದ ಮೈ ಒಂದು ಬೆರಳು ಕುಸಿದಿತ್ತು. ಆ ಕುಸಿತವನ್ನೇ ಇವನು ಹೊಸ ಉಕ್ಕು ಹಾಕಿ ಗಟ್ಟಿಮಾಡಿದ್ದ.

ಒಂದು ವಾರ ಅವನು ಊರೆಲ್ಲ ಸುತ್ತಿದ. ವರ್ಕ್‌ಷಾಪಿನವರು ಬಂದು ನೋಡಿ ತಲೆಯಾಡಿಸಿ ಹೋದರು. ಕಾರ್ಖಾನೆಯಲ್ಲಿ ಮೈ ಕಟ್ಟುವ ವಿಭಾಗದಲ್ಲಿದ್ದವರನ್ನು ಹುಡುಕಿದ. ಒಬ್ಬ ಸತ್ತಿದ್ದ, ಒಬ್ಬ ಆಸ್ಟ್ರೇಲಿಯಾಕ್ಕೆ ಮಗಳ ಮನೆಗೆ ಹೋಗಿದ್ದ, ಇನ್ನೊಬ್ಬನ ಕೈ ಟೀ ಲೋಟ ಹಿಡಿಯಲಾರದಷ್ಟು ನಡುಗುತ್ತಿತ್ತು. ಆ ನಡುಗುವ ಕೈಯವನೇ ಕೊನೆಗೆ, ಬಾಗಿಲಿನ ವಿಷಯ ಅಂದರೆ ಅವನೇ ಕಣಪ್ಪ, ಅವನು ಬಿಟ್ಟರೆ ಇಲ್ಲ, ಎಂದು ಕಿಟಕಿಯ ಕಡೆ ನೋಡಿದ.

ಹೆಸರು ಹೇಳಲಿಲ್ಲ. ಹತ್ತೊಂಬತ್ತು ವರ್ಷದಿಂದ ಆ ಹೆಸರು ಯಾರೂ ಹೇಳುತ್ತಿರಲಿಲ್ಲ. ಸಿರಿಲ್ ಓಕ್ಲಿ, ಮೇವಿಸಳ ಒಡಹುಟ್ಟಿದ ಅಣ್ಣ. ಹದಿನಾಲ್ಕು ವರ್ಷ ಲೈನಿನಲ್ಲಿ ಬಾಗಿಲು ಕೂರಿಸಿದವನು. ಒಂದು ಮರದ ತುಂಡು, ಒಂದು ಮೊಣಕಾಲು, ಸಂದಿನಲ್ಲಿ ಓಡಿಸುವ ಹೆಬ್ಬೆರಳ ಉಗುರು, ಇಷ್ಟೇ ಅವನ ಸಾಮಾನು. ಎಪ್ಪತ್ತೊಂಬತ್ತರಲ್ಲಿ ಹನ್ನೊಂದು ವಾರ ಮುಷ್ಕರ ನಡೆಯಿತು. ಒಂಬತ್ತನೆಯ ವಾರದ ಸೋಮವಾರ ಸಿರಿಲ್ ಊಟದ ಡಬ್ಬಿ ಹಿಡಿದು ಎಲ್ಲರ ಕಣ್ಣೆದುರಿಗೆ ಗೇಟು ದಾಟಿ ಒಳಗೆ ಹೋದ. ಮಗು ಸಾಯುತ್ತಿತ್ತು, ಹೆಂಡತಿ ಹಾಸಿಗೆ ಹಿಡಿದಿದ್ದಳು ಎಂಬಂಥ ಕಾರಣವೇನೂ ಇರಲಿಲ್ಲ. ಸಾಕಾಗಿತ್ತು, ಹೋದ.

ಆಗ ಆ ವಿಭಾಗದ ಯೂನಿಯನ್ ಮುಖಂಡ ಕ್ಲಿಫ್. ಕಾರ್ಖಾನೆಯ ಎದುರಿನ ಬಯಲಿನಲ್ಲಿ ಬಿಯರ್ ಪೆಟ್ಟಿಗೆಯ ಮೇಲೆ ಹತ್ತಿ, ಈ ಮನುಷ್ಯ ಇವತ್ತಿನಿಂದ ನಮ್ಮ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುವುದಿಲ್ಲ ಎಂದು ನಾನೂರು ಜನರ ಕೈ ಎತ್ತಿಸಿದವನು ಅವನೇ. ಮೇವಿಸ್ ಅದನ್ನು ಹಾಲಿನವನ ಬಾಯಲ್ಲಿ ಕೇಳಿದಳು. ಆಮೇಲೆ ಕ್ಯಾಂಟೀನಿನಲ್ಲಿ ಸಿರಿಲ್ ಕೂತ ಮೇಜು ಖಾಲಿಯಾಗುತ್ತಿತ್ತು, ಬಸ್ಸಿನಲ್ಲಿ ಅವನ ಪಕ್ಕದ ಸೀಟಿಗೆ ಜನ ಬರುತ್ತಿರಲಿಲ್ಲ. ಎರಡು ವರ್ಷಕ್ಕೆ ಕಾರ್ಖಾನೆಯೇ ಮುಚ್ಚಿ, ಮುಷ್ಕರ ಮಾಡಿದವರೂ ಮುರಿದವರೂ ಒಂದೇ ಗೇಟಿನಿಂದ ಹೊರಗೆ ಬಿದ್ದರು. ಠರಾವು ರದ್ದುಮಾಡಲು ಸಭೆಯೇ ಉಳಿಯಲಿಲ್ಲ. ಠರಾವು ಉಳಿಯಿತು.

ಗುರುವಾರ ಗುರುವಾರ ಮೇವಿಸ್ ಬಸ್ಸು ಹಿಡಿದು ಅಣ್ಣನ ಮನೆಗೆ ಹೋಗಿಬರುತ್ತಿದ್ದಳು. ಎಲ್ಲಿಗೆ ಎಂದು ಇವನು ಕೇಳುತ್ತಿರಲಿಲ್ಲ, ಅವಳು ಹೇಳುತ್ತಿರಲಿಲ್ಲ. ಆ ಗುರುವಾರ ಅವಳು ಕೋಟು ಹಾಕಿಕೊಳ್ಳುವಾಗ ಕ್ಲಿಫ್ ನಡುಮನೆಯಲ್ಲಿ ನಾಲ್ಕು ಸಲ ಅತ್ತಿಂದಿತ್ತ ತಿರುಗಿದ. ಬಾಗಿಲು ಕೂರಿಸುವ ಬಗ್ಗೆ ಗೊತ್ತಿರೋರು ಯಾರಾದರೂ ಸಿಕ್ಕರೆ ಒಂದು ಮಾತು ಕೇಳು ಎಂದ.

"ನನ್ನ ಬಾಯೇನು ಅಂಚೆ ಡಬ್ಬಾನಾ?" ಎಂದಳು ಮೇವಿಸ್. "ಹತ್ತೊಂಬತ್ತು ವರ್ಷ ಇಬ್ಬರ ಮಧ್ಯೆ ನಾನೊಬ್ಬಳೇ ಓಡಾಡಿದೀನಿ. ನಿನ್ನ ಕಾರು, ನಿನ್ನ ನಾಲಿಗೆ. ನೀನೇ ಹೋಗು."

ಸಿರಿಲ್‌ಗೆ ರೈಲು ಹಳಿಯ ಪಕ್ಕ ತರಕಾರಿ ಬೆಳೆಯುವ ತುಂಡು ಜಮೀನಿತ್ತು. ಕ್ಲಿಫ್ ಅದರ ಬೇಲಿಯ ಪಕ್ಕದಲ್ಲೇ ನಾಲ್ಕು ದಿನ ಹಾದುಹೋದ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ, ಏನೋ ಮರೆತವನಂತೆ ಮತ್ತೊಂದು ಸಲ. ಐದನೆಯ ದಿನ ಗೇಟಿನ ಚಿಲಕ ತೆಗೆದು ಒಳಗೆ ಹೋಗಿ ಬೀನ್ಸ್ ಕಡ್ಡಿಗಳ ಎದುರು ನಿಂತ. ಸಿಲ್ ಕತ್ತರಿಸಿದ್ದು, ಮೈ ಕುಸಿದದ್ದು, ಬಾಗಿಲು ಕಚ್ಚುತ್ತಿರುವುದು, ಜೂನ್ ಮೂವತ್ತು, ಎಲ್ಲವನ್ನೂ ಒಂದೇ ಉಸಿರಿಗೆ ಒದರಿದ. ಸಿರಿಲ್ ಬೆನ್ನು ತಿರುಗಿಸಿ ಕಳೆ ಕೀಳುತ್ತಲೇ ಇದ್ದ. ಒಂದು ಸಾಲು ಮುಗಿಸಿದ. ಇನ್ನೊಂದು ಸಾಲಿಗೆ ಹೋದ. ಎದುರಿಗಿರುವವನಿಗೆ ತಾನು ಕಾಣುತ್ತಿಲ್ಲ ಅನ್ನುವುದು ಹೇಗಿರುತ್ತದೆ ಎಂದು ಕ್ಲಿಫ್‌ಗೆ ಮೊದಲ ಸಲ ಗೊತ್ತಾಯಿತು. ಕಾಲು ಓಡು ಓಡು ಅನ್ನುತ್ತಿತ್ತು. ಓಡಲಿಲ್ಲ.

ಎರಡನೆಯ ಸಾಲಿನ ತುದಿಯಲ್ಲಿ ಸಿರಿಲ್ ಸೊಂಟ ನೆಟ್ಟಗೆ ಮಾಡಿದ.

"ನಾನೂರು ಜನದ ಮುಂದೆ ಹೇಳಿದ ಮಾತು ಅದು," ಎಂದ. "ಬೀನ್ಸ್ ಗಿಡದ ಮರೆಯಲ್ಲಿ ವಾಪಸ್ ತಗೊಳ್ಳೋಕೆ ಬಂದಿದೀಯ. ಕೇಳಿದವರ ಮುಂದೆ ಹೋಗಿ ತಗೋ. ಆಮೇಲೆ ಬರ್ತೀನಿ."

"ನಾನೂರು ಜನ ಎಲ್ಲಿದಾರೆ ಈಗ?"

"ಎಂಟು ಜನ ಇದಾರಲ್ಲ, ಶನಿವಾರ ಕ್ಲಬ್ಬಲ್ಲಿ ಡಾಮಿನೋ ಆಡ್ಕೊಂಡು. ನನಗೆ ಅಷ್ಟು ಸಾಕು."

ಆ ಮೂರು ದಿನ ಕ್ಲಿಫ್ ಮನೆಯಲ್ಲಿ ಇದ್ದನೆಂದರೆ ಇದ್ದ, ಇಲ್ಲವೆಂದರೆ ಇಲ್ಲ. ಬಾಗಿಲು ಬಿಚ್ಚುವನು, ಹಾಕುವನು. ಸಿರಿಲ್ ಮಾಡಿದ್ದು ತಪ್ಪು ಎಂಬುದರಲ್ಲಿ ಅವನಿಗೆ ಆಗಲೂ ಅನುಮಾನವಿರಲಿಲ್ಲ, ಈಗಲೂ ಇಲ್ಲ. ನಾಲ್ಕು ನೂರು ಹೊಟ್ಟೆ ಹಸಿದಿರುವಾಗ ಒಬ್ಬ ಊಟದ ಡಬ್ಬಿ ಹಿಡಿದು ಒಳಗೆ ಹೋದರೆ ಅದಕ್ಕೆ ಬೇರೆ ಹೆಸರಿಲ್ಲ. ಆದರೆ ಕಾರು ಬೇಕು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನಾಚಿಕೆಗೇಡು ಎಂದೂ ಗೊತ್ತಿತ್ತು. ತೂಗಿದ.

ಶನಿವಾರ ಮಧ್ಯಾಹ್ನ ಕಾರ್ಮಿಕರ ಕ್ಲಬ್ಬಿನಲ್ಲಿ ಎಂಟು ಜನ ಮಾಮೂಲಿ ಮೂಲೆಯ ಮೇಜಿನ ಸುತ್ತ ಇದ್ದರು. ಕ್ಲಿಫ್ ಒಂದು ಲೋಟ ಬಿಯರ್ ತಂದು ಮುಂದಿಟ್ಟುಕೊಂಡು, ಮುಟ್ಟದೆ, ನಿಂತೇ ಇದ್ದ. ಅವನು ನಿಂತಿರುವುದು ಹೊಸದಲ್ಲವಾದ್ದರಿಂದ ಯಾರೂ ತಲೆಯೆತ್ತಲಿಲ್ಲ. ಮೇಜಿಗೆ ಬೆರಳಲ್ಲಿ ತಟ್ಟಿದ.

"ಒಂದು ಮಾತು. ಸಿರಿಲ್ ಓಕ್ಲಿ ಗೇಟು ದಾಟಿದ್ದು ತಪ್ಪು. ಅವತ್ತೂ ತಪ್ಪು, ಇವತ್ತೂ ತಪ್ಪು. ಅವನ ಜೊತೆ ಮಾತಾಡಬಾರದು ಅಂತ ಹೇಳಿದವನು ನಾನು. ಅದನ್ನ ವಾಪಸ್ ತಗೋತಿದೀನಿ. ನಿಮ್ಮದು ನಿಮಗೆ ಬಿಟ್ಟದ್ದು. ನಾನಂತೂ ನಾಳೆಯಿಂದ ಮಾತಾಡ್ತೀನಿ."

ಯಾಕೆ ಇದ್ದಕ್ಕಿದ್ದ ಹಾಗೆ ಎಂದು ಒಬ್ಬ ಕೇಳಿದ. ಸುಳ್ಳು ಹೇಳಬಹುದಿತ್ತು. ವಯಸ್ಸಾಯಿತು, ಹೆಂಡತಿ ನೊಂದಳು, ಏನಾದರೊಂದು. ಸಭೆಯಲ್ಲಿ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ ಅವನಿಗೆ. ಕಾರಿನ ಬಾಗಿಲು ಮುಚ್ಚುತ್ತಿಲ್ಲ ಎಂದ. ಇಬ್ಬರು ನಕ್ಕರು. ವಿಲ್ಫ್ ಟ್ರಸ್ಲವ್ ನಗಲಿಲ್ಲ. ಅವನು ಯೂನಿಯನ್ ಶಾಖೆಯ ಖಜಾಂಚಿಯಾಗಿದ್ದವನು. ಆ ಹನ್ನೊಂದು ವಾರದಲ್ಲಿ ಇದ್ದ ಮನೆ ಕಳೆದುಕೊಂಡು, ಹೆಂಡತಿ ತವರಿಗೆ ಹೋದವಳು ಮರಳದೆ, ಹತ್ತೊಂಬತ್ತು ವರ್ಷ ಒಂದೇ ಕೋಣೆಯಲ್ಲಿ ಬದುಕುತ್ತಿದ್ದವನು. ಕೈಲಿದ್ದ ಡಾಮಿನೋ ಬಿಲ್ಲೆಗಳನ್ನು ನಿಧಾನವಾಗಿ ಒಂದೊಂದಾಗಿ ಬೋರಲು ಹಾಕಿದ.

"ನಿನ್ನ ಕಾರಿನ ಬಾಗಿಲು ಮುಚ್ಚಲಿ ಅಂತ ನಾನು ಮನೆ ಬಿಟ್ಟಿದ್ದಾ, ಕ್ಲಿಫ್?"

ವಿಲ್ಫ್ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಆಮೇಲೆ ಒಬ್ಬೊಬ್ಬರಾಗಿ ಮಿಕ್ಕವರೂ ತಿರುಗಿದರು, ನಕ್ಕ ಇಬ್ಬರೂ ಸೇರಿ. ಠರಾವು ಗಿರಾವು ಏನೂ ಬೇಕಾಗಲಿಲ್ಲ. ಹೇಗೆ ಮಾಡುವುದೆಂದು ಅವರಿಗೆ ಕ್ಲಿಫ್‌ನೇ ಕಲಿಸಿದ್ದ.

ಕ್ಲಬ್ಬಿನ ಸುದ್ದಿ ರಾತ್ರಿಯೊಳಗೆ ಊರಿಗೆಲ್ಲ ಮುಟ್ಟಿತ್ತು. ಭಾನುವಾರ ಬೆಳಿಗ್ಗೆ ಸಿರಿಲ್ ಮರದ ತುಂಡನ್ನು ಬಗಲಲ್ಲಿಟ್ಟುಕೊಂಡು ಬಂದ. ಕಾರನ್ನು ಒಂದು ಸುತ್ತು ಬಂದ, ಬಗ್ಗಿ ನೋಡಿದ.

"ಎರಡೂ ಕಡೆ ಒಟ್ಟಿಗೆ ಕತ್ತರಿಸಿದ್ಯಾ?"

"ಹೂಂ."

"ಮಧ್ಯ ಏನೂ ಊರುಗೋಲು ಕೊಡದೆ?"

"ಹೂಂ."

"ಕತ್ತೆ," ಎಂದು ಕೋಟು ಬಿಚ್ಚಿದ.

ಮೂರು ವಾರ ನಡೆಯಿತು ಕೆಲಸ. ಬೆಸೆದದ್ದನ್ನೆಲ್ಲ ಕತ್ತರಿಸಿ ತೆಗೆದು, ನಡುಹೊಟ್ಟೆಗೆ ಮರದ ದಿಮ್ಮಿ ಇಟ್ಟು ಅದರ ಕೆಳಗೆ ಜಾಕ್ ಕೊಟ್ಟರು. ಸಿರಿಲ್ ಮೊದಲು ಬಾಗಿಲು ಸಿಕ್ಕಿಸಿದ. ಬಾಗಿಲು ಸರಿ ಅಂದ ಮೇಲೆ ಉಕ್ಕು, ಉಕ್ಕು ಸರಿ ಅಂದ ಮೇಲೆ ಬಾಗಿಲಲ್ಲ ಎಂದ. ಕ್ಲಿಫ್ ಕೆಳಗೆ ಅಂಗಾತ ಮಲಗಿ ಜಾಕಿನ ಹಿಡಿ ಕಾಲು ಸುತ್ತು ತಿರುಗಿಸಬೇಕು, ಆಮೇಲೆ ಕಾಯಬೇಕು. ಮೇಲೆ ಸಿರಿಲ್ ಸಂದಿನಲ್ಲಿ ಉಗುರು ಓಡಿಸುತ್ತ ಬಾಗಿಲು ಮುಚ್ಚಿ ತೆಗೆದು ಮಾಡುವನು. ಹತ್ತು ನಿಮಿಷ. ಮತ್ತೆ ಕಾಲು ಸುತ್ತು. ಅಷ್ಟು ಹೊತ್ತು ಅಲುಗಾಡದೆ ಬಿದ್ದುಕೊಂಡಿರುವುದು ಕ್ಲಿಫ್‌ಗೆ ಜೈಲು. ಪಾದ ಮಾತ್ರ ಹೊರಗೆ ಕುಣಿಯುತ್ತಿತ್ತು. ಸಿರಿಲ್ ಅದನ್ನು ತುಳಿದು ನಿಲ್ಲಿಸುತ್ತಿದ್ದ.

ಬಾಯಿಗೆ ಮಾತ್ರ ಬಿಡುವಿರಲಿಲ್ಲ. ಒಬ್ಬ ಕಾರಿನ ಕೆಳಗಿನಿಂದ, ಒಬ್ಬ ಮೇಲಿನಿಂದ, ಒಂಬತ್ತನೆಯ ವಾರದ ಸೋಮವಾರವನ್ನು ಎಳೆದೆಳೆದು ಜಗಳವಾಡಿದರು. ಇನ್ನೆರಡು ವಾರ ತಡೆದಿದ್ದರೆ ಗೆಲ್ಲುತ್ತಿದ್ದೆವು ಎಂದು ಇವನು, ಏನು ಗೆದ್ದಿರಿ ತೋರಿಸು ಎಂದು ಅವನು. ಇಬ್ಬರೂ ಒಂದಂಗುಲ ಸರಿಯಲಿಲ್ಲ. ಮೇವಿಸ್ ಎರಡು ಲೋಟ ಚಹಾ ತಂದಿಟ್ಟು, ಮಧ್ಯೆ ಬಾಯಿ ಹಾಕದೆ ಹೋಗುವಳು. ಅವಳ ಗುರುವಾರದ ಬಸ್ಸು ಪ್ರಯಾಣ ನಿಂತಿತ್ತು.

ಇತ್ತ ಕ್ಲಬ್ಬಿನಲ್ಲಿ ಕ್ಲಿಫ್ ಎರಡು ಶನಿವಾರ ಒಬ್ಬನೇ ನಿಂತು ಬಿಯರ್ ಕುಡಿದು ಬಂದ. ಮೂರನೆಯ ಶನಿವಾರ ಹೋಗಲಿಲ್ಲ.

ಜೂನ್ ಇಪ್ಪತ್ತೊಂಬತ್ತರಂದು, ಸಿಲ್ ಮತ್ತೆ ಬೆಸೆದು ಜಾಕ್ ತೆಗೆದ ಮೇಲೂ, ಎರಡೂ ಬಾಗಿಲು ಬೆರಳ ತುದಿಯಲ್ಲಿ ತಳ್ಳಿದರೆ ಮುಚ್ಚಿಕೊಂಡವು. ಕ್ಲಿಫ್ ಎಂಜಿನ್ ಹಚ್ಚಿ ಗ್ಯಾರೇಜಿನಿಂದ ಹೊರಗೆ ತಂದ. ಸಿರಿಲ್ ಪಕ್ಕದಲ್ಲಿ ಕೂತು, ಬಾಗಿಲ ಸಂದಿಗೆ ಕಿವಿ ಕೊಟ್ಟು ಏನಾದರೂ ಕಿರ್ ಅನ್ನುತ್ತದೆಯೇ ಎಂದು ನೋಡುತ್ತಿದ್ದ. ಬೀದಿಯ ತಿರುವಿನಲ್ಲಿ ವಿಲ್ಫ್ ಟ್ರಸ್ಲವ್ ಸಾಮಾನಿನ ಚೀಲ ಹಿಡಿದು ಬರುತ್ತಿದ್ದ. ಕ್ಲಿಫ್ ಕಾರು ನಿಧಾನ ಮಾಡಿ ಕೈಯೆತ್ತಿ, ವಿಲ್ಫ್, ಎಂದ. ಮುದುಕ ಕಾರನ್ನು ದಾಟಿ ಆಚೆಯ ಗೋಡೆ ನೋಡಿಕೊಂಡು ಹೊರಟುಹೋದ. ಅವನ ಪಾಲಿಗೆ ಅಲ್ಲಿ ಕಾರೂ ಇರಲಿಲ್ಲ, ಅದರೊಳಗೆ ಜನವೂ ಇರಲಿಲ್ಲ.

ಕ್ಲಿಫ್ ಎತ್ತಿದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಗೇರಿನ ಮೇಲೆ ಇಟ್ಟ. ಎಂಜಿನ್ ಗುರುಗುಟ್ಟುತ್ತಿತ್ತು.

"ಮೊದಲೆರಡು ವರ್ಷ ಕಷ್ಟ," ಎಂದ ಸಿರಿಲ್, ಸಂದಿನಿಂದ ಕಿವಿ ತೆಗೆಯದೆ. "ನಡಿ."