ಬಾಯ್ಲರಿಗೆ ಕಲಾಯಿ ಹಾಕಿಸಿದ್ದು

೧೯೬೨ರಲ್ಲಿ ನಾನು ದಾವಣಗೆರೆಯ ಒಂದು ಖಾಸಗಿ ಹೆರಿಗೆ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದೆ. ಹನ್ನೆರಡು ಹಾಸಿಗೆ, ಒಬ್ಬರು ಲೇಡಿ ಡಾಕ್ಟರ್, ನನ್ನ ಕೈಕೆಳಗೆ ಇಬ್ಬರು ನರ್ಸುಗಳು. ಕಟ್ಟಡ ಮೊದಲು ಒಬ್ಬ ಹತ್ತಿ ವ್ಯಾಪಾರಿಯ ಮನೆಯಾಗಿತ್ತು. ಆತ ಮುಂಬಯಿಯಲ್ಲಿ ಯಾವುದೋ ಬಂಗಲೆ ನೋಡಿ ಬಂದು, ಹಿಂದಿನ ಕೋಣೆಯಲ್ಲಿ ಕಬ್ಬಿಣದ ಬಾಯ್ಲರ್ ಕೂರಿಸಿ, ಅಲ್ಲಿಂದ ಎರಡು ಕೋಣೆಗಳಿಗೆ ಬಿಸಿನೀರಿನ ಕೊಳವೆ ಎಳೆಸಿದ್ದ. ಆ ಎರಡರಲ್ಲಿ ಒಂದು ಬಚ್ಚಲುಮನೆ, ಇನ್ನೊಂದು ಈಗಿನ ಹೆರಿಗೆ ಕೋಣೆ. ಹೆರಿಗೆ ಕೋಣೆಗೂ ಬಾಯ್ಲರಿಗೂ ನಡುವೆ ಒಂದೇ ಗೋಡೆ.

ನನ್ನ ಕೆಲಸವೆಲ್ಲ ಗಡಿಯಾರದ ಪ್ರಕಾರ. ಐದಕ್ಕೆ ಆಳು ನಾಗಪ್ಪ ಶೇಂಗಾ ಹೊಟ್ಟು ಹಾಕಿ ಬಾಯ್ಲರಿಗೆ ಬೆಂಕಿ ಹಚ್ಚಬೇಕು. ಏಳಕ್ಕೆ ಕೂಸುಗಳ ಸ್ನಾನ. ಎಂಟಕ್ಕೆ ಡಾಕ್ಟರ ರೌಂಡ್ಸ್. ಆದರೆ ಬಾಯ್ಲರಿಗೆ ವಯಸ್ಸಾಗಿತ್ತು, ಒತ್ತಡ ತೋರಿಸುವ ಮುಳ್ಳು ಎಂದೋ ನಿಂತುಹೋಗಿತ್ತು. ಬದಲಾಯಿಸಲು ಡಾಕ್ಟರು ಒಪ್ಪಿದ ಮೇಲೆ ಸರಿಯಾದ ಕೆಲಸಗಾರ ಸಿಗಲಿಲ್ಲ. ಮೊದಲು ಬಂದವನು ಬಣ್ಣ ಬಳಿದರೆ ಸಾಕೆಂದ. ಎರಡನೆಯವನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿ, "ಇನ್ನೂ ಹತ್ತು ವರ್ಷ ಬರ್ತೈತ್ರಿ" ಎಂದ. ಕೊನೆಗೆ ಯಾರೋ ಹರಿಹರದ ಖಾದರ್ ಸಾಬರ ಹೆಸರು ಹೇಳಿದರು. ಅಕ್ಕಿ ಗಿರಣಿಗಳ ಬಾಯ್ಲರ್ ರಿಪೇರಿಯಲ್ಲಿ ತಲೆ ನೆರೆತವರು. ಕಾಗದ ಬರೆದೆ. ಕಾರ್ಡು ಬಂತು: ಮಂಗಳವಾರ ಬೆಳಗಿನ ರೈಲಿಗೆ ಬರುತ್ತೇನೆ, ಅಲ್ಲಿಯವರೆಗೆ ಯಾರೂ ಏನನ್ನೂ ಮುಟ್ಟಬಾರದು.

ಬಾಯ್ಲರಿನ ನೆತ್ತಿಯ ಮೇಲೆ ಒಂದು ಹಿತ್ತಾಳೆಯ ಮೂತಿ ಇತ್ತು. ಅದು ಸೇಫ್ಟಿ ವಾಲ್ವ್. ಒಳಗೆ ಉಗಿ ಹೆಚ್ಚಾದಾಗ ತಾನೇ ತೆರೆದುಕೊಂಡು ಹೊರಗೆ ಬಿಡುವುದು ಅದರ ಕೆಲಸ. ಇದನ್ನು ನಾನು ಆಮೇಲೆ ಕಲಿತೆ. ಆಗ ನನ್ನ ಕಣ್ಣಿಗೆ ಅದು ಬೆಳಿಗ್ಗೆಯೆಲ್ಲ ಸುಯ್ಯೆಂದು ಕೂಗಿ ನೆಲ ಒದ್ದೆ ಮಾಡುವ ಹಾಳು ಮುಚ್ಚಳ. ಒದ್ದೆ ನೆಲ ನನಗೆ ಆಗುತ್ತಿರಲಿಲ್ಲ.

ಸೋಮವಾರ ಮಧ್ಯಾಹ್ನ, ಬಾಯ್ಲರ್ ಆರಿ ತಣ್ಣಗಿದ್ದಾಗ, ಕಲಾಯಿ ಹಾಕುವ ದಾದಾಪೀರ್ ಅಂಗಳದಲ್ಲಿ ತಿದಿ ಹೂಡಿ ಆಸ್ಪತ್ರೆಯ ಪಾತ್ರೆಗಳಿಗೆ ತವರ ಬಳಿಯುತ್ತಿದ್ದ. ಅವನನ್ನು ಒಳಗೆ ಕರೆದು ಹಿತ್ತಾಳೆ ಮೂತಿ ತೋರಿಸಿದೆ.

"ಅಕ್ಕಾರೆ, ಇದು ಪಾತ್ರೆ ಅಲ್ರಿ" ಎಂದ.

"ಸೋರ್ತೈತೆ. ಸೋರೋದನ್ನ ಮುಚ್ಚೋದು ನಿನ್ನ ಕೆಲಸ ಹೌದೋ ಅಲ್ಲೋ?"

ಅವನು ತಲೆ ಕೆರೆದುಕೊಂಡು ತವರ ಕರಗಿಸಿ ಸುತ್ತಲೂ ಬಿಗಿಯಾಗಿ ಬೆಸೆದ. ಕಾರ್ಡಿನ ಮಾತು ನನಗೆ ನೆನಪಿತ್ತು. ಇದು ಮುಟ್ಟಿದ ಲೆಕ್ಕಕ್ಕೆ ಬರುವುದಿಲ್ಲ ಎಂದುಕೊಂಡೆ.

ಮಂಗಳವಾರ ಆರೂಮುಕ್ಕಾಲು. ಸುಯ್ಯೆನ್ನುವ ಸದ್ದಿಲ್ಲ, ನೆಲ ಒಣಗಿತ್ತು. ಐದು ನಿಮಿಷ ಸಂತೋಷಪಟ್ಟೆ. ಆಮೇಲೆ ಕೊಳವೆಗಳು ನಡುಗತೊಡಗಿದವು. ಬಚ್ಚಲುಮನೆಯ ನಲ್ಲಿಯ ಉದ್ದ ಹಿಡಿಕೆ ಎಳೆದೆ. ನೀರಿನ ಬದಲು ಉಗಿ ಚಿಮ್ಮಿ ಮಣಿಕಟ್ಟು ಸುಟ್ಟಿತು. ಹೆದರಿ ಮುಚ್ಚಿಬಿಟ್ಟೆ. ಅದು ಎರಡನೆಯ ತಪ್ಪು. ಹೆರಿಗೆ ಕೋಣೆಗೆ ಓಡಿದೆ. ಕೊಕ್ಕನೂರಿನ ರತ್ನಮ್ಮನಿಗೆ ಚೊಚ್ಚಲ ಹೆರಿಗೆ, ಡಾಕ್ಟರು ಎದುರು ಕೂತಿದ್ದರು, ಕೂಸಿನ ತಲೆ ಕಾಣುತ್ತಿತ್ತು. ಗೋಡೆಯ ಮೇಲೆ ಅಂಗೈ ಇಟ್ಟೆ, ಬಿಸಿಗೆ ಇಟ್ಟಿರಲಾಗಲಿಲ್ಲ. ಗೋಡೆಯಾಚೆ ಯಾರೋ ಗುದ್ದಿದಂತೆ ದಡ್, ದಡ್.

ಹೊರಗೆ ಬಂದಾಗ ಖಾದರ್ ಸಾಬರು ಚೀಲ ಹಿಡಿದು ಬಾಯ್ಲರ್ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಒಳಗೆ ಕಾಲಿಟ್ಟಿರಲಿಲ್ಲ.

"ಬೆಂಕಿ ಯಾವಾಗ ಹಚ್ಚೀರಿ?"

"ಐದಕ್ಕೆ."

"ಮತ್ತೆ ವಾಲ್ವ್ ಯಾಕ ಕೂಗವಲ್ದು? ಯಾರರ ಮುಟ್ಟೀರೇನು?"

"ನಾ ಮುಟ್ಟಿಲ್ರಿ" ಎಂದ ನಾಗಪ್ಪ. ನನ್ನ ಕಡೆ ನೋಡಲಿಲ್ಲ. ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತಿತ್ತು.

"ನಿನ್ನೆ ಕಲಾಯಿಯವನ ಕೈಲಿ ನಾನೇ ಮುಚ್ಚಿಸಿದೆ" ಎಂದೆ.

ಸಾಬರು ಒಂದು ಕ್ಷಣ ನನ್ನ ಬಿಳಿ ಟೋಪಿಯನ್ನೇ ನೋಡಿದರು. "ಬೊಗಳೋ ನಾಯಿ ಬಾಯಿ ಹೊಲಿಸೀರಿ ಅಕ್ಕಾರೆ. ಗ್ವಾಡಿ ಆಚೆ ಯಾರದಾರ?"

"ಹೆರಿಗೆ ಆಗ್ತೈತೆ. ಈಗ ಎತ್ತಾಕ ಬರಲ್ಲ."

ನಾಗಪ್ಪ ಬೆಂಕಿ ಆರಿಸಲು ಬಕೆಟ್ ಎತ್ತಿದ. "ಇಡು ಕೆಳಗ" ಎಂದರು ಸಾಬರು, ದನಿ ಏರಿಸದೆ. "ಕಾದ ಕಬ್ಬಿಣಕ್ಕ ತಣ್ಣೀರು ಬಿದ್ರ ಸೀಳ್ತೈತೆ. ಬೂದಿ ತಗೊಂಬಾ. ಅಕ್ಕಾರೆ, ಉಳಿದೋರನ್ನ ಅಂಗಳಕ್ಕ ಕಳಿಸಿ ಹಗ್ಗ ತರ್ರಿ."

ಒಂದನೇ ಹಾಸಿಗೆಯಿಂದ ಶುರುಮಾಡಿ ಎಂಟು ಬಾಣಂತಿಯರನ್ನು ಕೂಸುಗಳ ಸಮೇತ ಮುಂದಿನ ಬೇವಿನ ಮರದಡಿಗೆ ಕಳಿಸಿದೆವು. ಕೂಸುಗಳನ್ನು ಎಣಿಸಿದೆ. ಏಳು ಬಂತು. ಮತ್ತೆ ಎಣಿಸಿದೆ, ಒಂಬತ್ತು. ಮೂರನೇ ಸಲ ಎಂಟು. ಹಗ್ಗ ಹುಡುಕಲು ಹೊತ್ತಿರಲಿಲ್ಲ; ಬ್ಯಾಂಡೇಜಿನ ಮೂರು ಸುರುಳಿ ಬಿಚ್ಚಿ ಹೊಸೆದು ಕೊಟ್ಟೆ.

ಅಷ್ಟರಲ್ಲಿ ಸಾಬರೇ ಒಲೆಯ ಬಾಯಿಗೆ ಎರಡು ಬುಟ್ಟಿ ಬೂದಿ ಸುರಿದು ಗಾಳಿ ಹೋಗುವ ಕಿಂಡಿ ಮುಚ್ಚಿದ್ದರು. ಬ್ಯಾಂಡೇಜನ್ನು ಬಚ್ಚಲಿನ ನಲ್ಲಿಯ ಹಿಡಿಕೆಗೆ ಕಟ್ಟಿ, ಹೊರಗೆ ಗೋಡೆಯ ಮರೆಯಲ್ಲಿ ಕೂತು ಎಳೆದರು. ಒಂದು ಬೆರಳಗಲ, ನಿಲ್ಲಿಸುವುದು. ಮತ್ತೆ ಒಂದು ಬೆರಳಗಲ. ಬಚ್ಚಲು ತುಂಬಿ ಉಗಿ ಬಾಗಿಲಿನಿಂದ ಹೊರಗೆ ನುಗ್ಗಿತು.

"ನೀವೂ ಅಂಗಳಕ್ಕ ನಡೀರಿ" ಎಂದರು. ನಾನು ಹೆರಿಗೆ ಕೋಣೆಗೆ ಹೋದೆ. ಡಾಕ್ಟರಿಗೆ ಎರಡು ಮಾತಿನಲ್ಲಿ ಹೇಳಿದೆ, ಅವರು ತಲೆಯೆತ್ತಲಿಲ್ಲ. ಗೋಡೆಗೆ ಬೆನ್ನು ಮಾಡಿ, ರತ್ನಮ್ಮನಿಗೂ ಗೋಡೆಗೂ ನಡುವೆ ನಿಂತೆ. ಅದರಿಂದ ಏನೂ ಪ್ರಯೋಜನವಿರಲಿಲ್ಲ. ಎದೆಗೆ ಸಿಕ್ಕಿಸಿದ ಗಡಿಯಾರ ನೋಡುತ್ತ ಹನ್ನೊಂದು ನಿಮಿಷ ಹಾಗೇ ನಿಂತಿದ್ದೆ.

"ಸಿಸ್ಟರ್, ಅದೇನ್ರಿ ಸದ್ದು?" ಎಂದಳು ರತ್ನಮ್ಮ.

"ಬಿಸಿನೀರು ಕಾಯ್ತೈತೆ. ನೀನು ಮುಕ್ಕು."

ಗುದ್ದು ವಿರಳವಾಗುತ್ತ ಹೋಗಿ, ಕೊನೆಗೆ ನಿಂತಿತು. ಸ್ವಲ್ಪ ಹೊತ್ತಿಗೆ ಹೆಣ್ಣುಕೂಸು ಅತ್ತಿತು.

ನಡೆದದ್ದನ್ನು ಡಾಕ್ಟರಿಗೆ ಬರೆದುಕೊಟ್ಟೆ. ಮೂರು ವಾರದಲ್ಲಿ ಸಾಬರು ಹೊಸ ಬಾಯ್ಲರನ್ನು ಹಿತ್ತಿಲ ತುದಿಯಲ್ಲಿ, ಯಾವ ಕೋಣೆಗೂ ತಾಗದಂತೆ ಕೂರಿಸಿದರು. ನನ್ನನ್ನೂ ನಾಗಪ್ಪನನ್ನೂ ಅರ್ಧ ದಿನ ಎದುರು ಕೂರಿಸಿಕೊಂಡು ಪಾಠ ಹೇಳಿದರು. ಹೊರಡುವಾಗ, "ಕೂಗಿದ್ರ ನಿಮ್ಮ ಪಾಡಿಗೆ ನೀವಿರ್ರಿ. ಸುಮ್ನಾದ್ರ ಕಾರ್ಡು ಬರೀಬ್ಯಾಡ್ರಿ, ಬೆಂಕಿ ತೆಗೀರಿ" ಎಂದರು.

ವಾರ್ಡಿನಲ್ಲಿ ನರಳುವವರನ್ನು ಗದರಿ ಸುಮ್ಮನಾಗಿಸುವುದರಲ್ಲೂ ನಾನು ಗಟ್ಟಿಗಿತ್ತಿ ಎನಿಸಿಕೊಂಡಿದ್ದೆ. ಆಮೇಲೆ, ಯಾವ ಸದ್ದನ್ನೇ ಆಗಲಿ, ಏಕೆ ಬರುತ್ತಿದೆ ಎಂದು ತಿಳಿಯದೆ ನಿಲ್ಲಿಸಲು ಹೋಗಲಿಲ್ಲ. ಗೋಡೆಗೆ ತೂಗುಹಾಕಿದ್ದ ದಿನಚರಿಯ ಪಟ್ಟಿಯಲ್ಲಿ ಒಂದು ಸಾಲು ಸೇರಿಸಿದೆ: ಆರೂಮುಕ್ಕಾಲು, ವಾಲ್ವಿನ ಸದ್ದು ಕೇಳುವುದು. ನಿವೃತ್ತಳಾಗುವವರೆಗೂ ಆ ಹೊತ್ತಿಗೆ ಹಿತ್ತಿಲ ಮೆಟ್ಟಿಲ ಮೇಲೆ ನಿಲ್ಲುತ್ತಿದ್ದೆ. ಅದು ಸುಯ್ಯೆನ್ನುವ ತನಕ ಉಸಿರು ಸರಿಯಾಗಿ ಆಡುತ್ತಿರಲಿಲ್ಲ.