ಖಾಲಿ ಉತ್ತರ

ಕರೆಂಟ್ ಹೋದಾಗ ಸ್ವಿಚ್ಚು ಒತ್ತುವಷ್ಟು ನಿರರ್ಥಕ ಕೆಲಸ ಇನ್ನೊಂದಿಲ್ಲವೆಂದು ಗೊತ್ತಿದ್ದೂ ನಾನು ಒತ್ತುತ್ತಲೇ ಇರುತ್ತೇನೆ. ಹರಪನಹಳ್ಳಿಯ ನನ್ನ ಬಾಡಿಗೆ ಮನೆಗೆ ವೈರಿಂಗ್ ಮಾಡಿದ ಮಹಾನುಭಾವ ಒಂದು ಸ್ವಿಚ್ಚನ್ನು ನೆಟ್ಟಗೂ ಮತ್ತೊಂದನ್ನು ತಲೆಕೆಳಗಾಗಿಯೂ ಕೂರಿಸಿ ಹೋಗಿರುವುದರಿಂದ, ಫ್ಯಾನು ಚಾಲೂ ಇದೆಯೋ ಬಂದಾಗಿದೆಯೋ ಎಂಬುದು ಕರೆಂಟಿಲ್ಲದ ಹೊತ್ತಿನಲ್ಲಿ ಬ್ರಹ್ಮಜಿಜ್ಞಾಸೆಯಷ್ಟೇ ಗಹನವಾಗುತ್ತದೆ. ಒತ್ತಿ, ಅನುಮಾನಿಸಿ, ಮತ್ತೆ ಒತ್ತಿ, ಕೊನೆಗೆ ಹೇಗೆ ಬಿಟ್ಟೆನೆಂಬುದೇ ಮರೆತು ಬೆವರುತ್ತ ಕೂರುತ್ತೇನೆ. ನೀವೂ ಒತ್ತಿದವರೇ ಇರಬೇಕು. ಒಪ್ಪಿಕೊಳ್ಳಲು ಸಂಕೋಚ ಬೇಡ.

ನನ್ನ ಹೊಟ್ಟೆಪಾಡೂ ಇಂಥ ಹೌದು-ಅಲ್ಲಗಳದೇ. ಮೆಕ್ಕೆಜೋಳ ಬಿಡಿಸುವ ಯಂತ್ರಗಳನ್ನು ಬಾಡಿಗೆಗೆ ಕಳಿಸುವ ಇಲ್ಲಿನ ವ್ಯಾಪಾರಿಯೊಬ್ಬರಿಗೆ ಮನೆಯಲ್ಲೇ ಕೂತು ಪ್ರೋಗ್ರಾಮ್ ಬರೆಯುತ್ತಿದ್ದೇನೆ. ‘ನಾಳೆ ಯಂತ್ರ ಬೇಕೇ?’ ಎಂದು ಅದು ರೈತರ ಮೊಬೈಲಿಗೆ ಕೇಳುತ್ತದೆ. ಬರುವ ಉತ್ತರಗಳೋ ‘ಹೂಂ’, ‘ಬೇಕ್ರಿ’, ‘ಕಳಸ್ರಿ’, ‘1’, ಎತ್ತಿದ ಹೆಬ್ಬೆರಳು, ಒಮ್ಮೊಮ್ಮೆ ಬರೀ ಜೋಡಿಸಿದ ಎರಡು ಕೈ. ಈ ವೈವಿಧ್ಯವನ್ನು ಪ್ರೋಗ್ರಾಮಿನ ತುಂಬ ಹರಿಯಬಿಟ್ಟರೆ ಮೂಲೆಮೂಲೆಯಲ್ಲೂ ಅರ್ಥಕ್ಕಾಗಿ ತಡಕಾಡಬೇಕಾಗುತ್ತದೆ. ಆದ್ದರಿಂದ ಉತ್ತರಗಳು ಒಳಬರುವ ಬಾಗಿಲಲ್ಲೇ ಪ್ರೋಗ್ರಾಮಿನ ಒಂದು ತುಣುಕನ್ನು ಕಾವಲಿಗೆ ನಿಲ್ಲಿಸಿದೆ. ನಮ್ಮ ವೃತ್ತಿಯವರು ವ್ಯಾಲ್ಯೂ ಆಬ್ಜೆಕ್ಟ್ ಎನ್ನುವ ಅದಕ್ಕೆ ‘ಒಪ್ಪಿಗೆ’ ಎಂದು ನಾಮಕರಣ ಮಾಡಿದೆ. ಯಾವ ವೇಷದಲ್ಲಿ ಬಂದ ಉತ್ತರವನ್ನೂ ಅದು ಒಮ್ಮೆ ಪರೀಕ್ಷಿಸಿ, ಹೌದು ಅಥವಾ ಅಲ್ಲ ಎಂದು ನಿಶ್ಚಯಿಸುತ್ತದೆ. ನಿಶ್ಚಯಿಸಿದ ಮೇಲೆ ಬ್ರಹ್ಮ ಬಂದರೂ ಬದಲಿಸುವಂತಿಲ್ಲ. ಅಂಥ ಸ್ಥಿರಚಿತ್ತ ಅದರ ಕರ್ತೃವಿಗೆ ಇಲ್ಲವೆಂಬುದು ಬೇರೆ ಮಾತು. ಉತ್ತರವೇ ಬಾರದಿದ್ದರೆ? ಅಲ್ಲ ಎಂದೇ ಇಟ್ಟುಕೋ ಎಂದು ಒಂದು ಸಾಲು ಬರೆದು ಚಹಾ ಕುಡಿಯಲು ಎದ್ದೆ.

ಆ ದಿನಗಳಲ್ಲಿ ನನ್ನ ಮನಸ್ಸು ನೆಟ್ಟಗಿರಲಿಲ್ಲ. ನಲವತ್ತು ದಾಟಿದ ಬ್ರಹ್ಮಚಾರಿಯಾದ ನಾನು, ತಂಬ್ರಹಳ್ಳಿಯ ಅಕ್ಕನ ಮನೆಗೆ ಬಂದು ಹೋಗುತ್ತಿದ್ದ ಅವಳ ಗೆಳತಿ ಕೊಟ್ರಮ್ಮ ಟೀಚರಿಗೆ ಮನಸೋತಿದ್ದೆ. ಅವರು ಹಗರಿಬೊಮ್ಮನಹಳ್ಳಿಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾರೆ. ಮದುವೆಯ ಪ್ರಸ್ತಾಪವನ್ನು ಗುಡೇಕೋಟೆಯಲ್ಲಿರುವ ಅವರ ಅಣ್ಣನ ಮುಂದಿಟ್ಟಾಗ, ದೇವರಿಗೆ ಹೂ ಕೇಳಿ ಹೇಳುತ್ತೇನೆಂದರು. ದೇವರ ಮೇಲಿಟ್ಟ ಹೂ ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ನಿರಾಕರಣೆ. ವಾರಗಳು ಕಳೆದರೂ ಸುದ್ದಿಯಿಲ್ಲ. ಫೋನು ಎತ್ತಿ ನೋಡುವುದು, ಇಡುವುದು, ಇಟ್ಟದ್ದು ಸದ್ದು ಮಾಡಿತೇನೋ ಎಂದು ಮತ್ತೆ ಎತ್ತುವುದು. ಕಡೆಗೆ ತಡೆಯಲಾರದೆ ನಾನೇ ಬರೆದ ನಿಯಮವನ್ನು ನನಗೇ ಅನ್ವಯಿಸಿಕೊಂಡು, ಅವರಿಗೆ ಮನಸ್ಸಿಲ್ಲ, ಈ ಮಾತು ಇಲ್ಲಿಗೆ ಬಿಡು ಎಂದು ತಂಬ್ರಹಳ್ಳಿಗೆ ಹೋಗಿ ಅಕ್ಕನಿಗೆ ಹೇಳಿಬಿಟ್ಟೆ.

“ಹೂ ಇನ್ನೂ ಬಿದ್ದಿಲ್ಲ ಅಂತ ಅವರಣ್ಣ ಕಾಯಾಕ ಹತ್ಯಾನ. ಎಡಕ್ಕ ಬಿದ್ದೈತಿ ಅಂತ ನಿನಗ ಯಾರು ಹೇಳಿದ್ರಲೇ?” ಎಂದಳು ಅಕ್ಕ.

ಬೀಳದ ಹೂವನ್ನು ಎಡಕ್ಕೆ ಬಿದ್ದ ಹೂವೆಂದು ಎಣಿಸುವ ಅವಸರ ಗುಡೇಕೋಟೆಯ ದೇವರಿಗೂ ಇರಲಿಲ್ಲ, ನನಗಿತ್ತು. ಮನೆಗೆ ಬಂದವನೇ ಪ್ರೋಗ್ರಾಮಿನ ಆ ಸಾಲನ್ನು ಅಳಿಸಿದೆ. ಖಾಲಿ ಉತ್ತರಕ್ಕೆ ‘ಒಪ್ಪಿಗೆ’ ಹೌದನ್ನೂ ಅಲ್ಲವನ್ನೂ ನಿಶ್ಚಯಿಸಬಾರದು, ಯಾರು ಉತ್ತರಿಸಬೇಕೋ ಅವರನ್ನೇ ಮತ್ತೆ ಕೇಳಬೇಕು ಎಂದು ತಿದ್ದಿದೆ. ತಿದ್ದಿದ್ದನ್ನು ಓದಿಕೊಂಡಾಗ ಕೂರಲಾಗಲಿಲ್ಲ. ಮರುದಿನವೇ ಹಗರಿಬೊಮ್ಮನಹಳ್ಳಿಯ ಬಸ್ಸು ಹತ್ತಿದೆ.

ಶಾಲೆ ಬಿಟ್ಟ ಹೊತ್ತು. ಗೇಟಿನ ಬಳಿ ನಾನು ಹೂವಿನ ವಿಳಂಬದ ಕುರಿತು ಸುದೀರ್ಘ ಪೀಠಿಕೆ ಹಾಕುತ್ತಿದ್ದರೆ, ಟೀಚರು ಬೆರಳಿಗಂಟಿದ ಸೀಮೆಸುಣ್ಣ ಒರೆಸಿಕೊಳ್ಳುತ್ತ ಪೂರ್ತಿ ಕೇಳಿಸಿಕೊಂಡರು.

“ನೀವು ನಮ್ಮಣ್ಣನ್ನ ಕೇಳೀರಿ, ಅಣ್ಣ ದೇವರ್ನ ಕೇಳ್ಯಾನ,” ಎಂದರು. “ನನ್ನ ಯಾರೂ ಕೇಳಿಲ್ರಿ.”

ನಾಚಿಕೆಯಾಯಿತು. ಉತ್ತರ ಬರಲಿಲ್ಲವೆಂದು ಇಷ್ಟು ದಿನ ಒದ್ದಾಡಿದ ನಾನು ಪ್ರಶ್ನೆಯನ್ನೇ ಕಳಿಸಿರಲಿಲ್ಲ. ಕಲಿತ ಸಂಸ್ಕೃತವೆಲ್ಲ ಪೀಠಿಕೆಯಲ್ಲೇ ಖರ್ಚಾಗಿ ಊರಿನ ಮಾತಷ್ಟೇ ಉಳಿಯಿತು.

“ನನ್ನ ಮದುವಿ ಆಗ್ತೀರೇನ್ರಿ?”

ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. “ಈಗ ಕೇಳಿದ್ರಿ. ವಿಚಾರ ಮಾಡಿ ನಾನೇ ಹೇಳ್ತೀನಿ,” ಎಂದು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಹತ್ತು ಹೆಜ್ಜೆ ಹೋಗಿ ಒಮ್ಮೆ ಹಿಂತಿರುಗಿ ನೋಡಿದರು. ಅದಕ್ಕೆ ಯಾವ ಅರ್ಥವನ್ನೂ ಹಚ್ಚದಿರಲು ನಾನು ಪಟ್ಟ ಪಾಡು ನನಗೇ ಗೊತ್ತು.

ಮನೆ ಮುಟ್ಟಿದಾಗ ಸಂಜೆ. ಕರೆಂಟಿರಲಿಲ್ಲ. ಅಭ್ಯಾಸಬಲದಿಂದ ಕೈ ಸ್ವಿಚ್ಚಿನವರೆಗೆ ಹೋಯಿತು, ಹಿಂದಕ್ಕೆ ತೆಗೆದುಕೊಂಡೆ. ಚಾಲೂ ಇದೆಯೋ ಬಂದಾಗಿದೆಯೋ, ಕರೆಂಟ್ ಬಂದಾಗ ಫ್ಯಾನೇ ಹೇಳಲಿ ಎಂದು ಅದರ ಕೆಳಗೆ ಕುರ್ಚಿ ಎಳೆದುಕೊಂಡು ಕೂತೆ.